ಅಂಕಲ್ ಮರೆಯದ ಮುಖ

ತಪ್ಪು ಮನುಷ್ಯನನ್ನು ಜೈಲಿಗೆ ಹಾಕಿದ್ದೀವಾ ಅಂತ ಹಳೆ ಕೇಸುಗಳನ್ನು ಮತ್ತೆ ನೋಡೋದು ನಮ್ಮ ಪ್ರಾಸಿಕ್ಯೂಟರ್ ಆಫೀಸಿನಲ್ಲಿ ನನ್ನ ಟೀಮಿನ ಕೆಲಸ. ರಿಸೆಶನ್ ಬಂತು, ಎಲ್ಲರನ್ನೂ ಮನೆಗೆ ಕಳಿಸಿದರು. ಈಗ ಟೀಮೂ ನಾನೇ, ಅದರ ಲೀಡರೂ ನಾನೇ. ಮೀಟಿಂಗಿನಲ್ಲಿ ಜಗಳವೇ ಇಲ್ಲ.

ಮೊದಲು ಕೈಗೆ ಬಂದಿದ್ದೇ ಇಲ್ಲೇ ಅಮೆರಿಕದ ನಮ್ಮ ನೋವೈ ಊರಿನ ನಂಜುಂಡಯ್ಯ ಅಂಕಲ್ ಕೇಸು. ಅವರ ದಿನಸಿ ಅಂಗಡಿಗೆ ಯಾರೋ ಗನ್ ಹಿಡಿದು ನುಗ್ಗಿ ಗಲ್ಲಾ ದೋಚಿದ್ದ. ಕೋರ್ಟಿನಲ್ಲಿ ಅಂಕಲ್ "ಇವನೇ" ಅಂತ ಕೈ ತೋರಿಸಿದ ರೊನಾಲ್ಡ್ ಇನ್ನೂ ಜೈಲಿನಲ್ಲಿದ್ದಾನೆ. ಬೇರೆ ಸಾಕ್ಷಿ ಏನೂ ಇಲ್ಲ. ಯಾಕೆ ಬೇಕು? ಅಂಕಲ್ ಇದ್ದರಲ್ಲ!

ಹತ್ತು ವರ್ಷದಿಂದ ಪ್ರತಿ ಶನಿವಾರ ಸಾಮಾನು ತರೋ ಅಂಗಡಿಗೆ ಈ ಸಲ ಫೈಲ್ ಹಿಡಿದು ಹೋದೆ.

"ಅಂಕಲ್, ಅವನ ಮುಖ ಎಷ್ಟು ಹೊತ್ತು ನೋಡಿದ್ರಿ?"

"ಒಂದು ಕ್ಷಣ ಸಾಕಮ್ಮ. ಒಂದ್ಸಲ ನೋಡಿದ ಮುಖ ಸಾಯೋವರೆಗೂ ಮರೆಯಲ್ಲ ನಾನು," ಎಂದು ಎದೆ ತಟ್ಟಿ ಹೇಳಿದರು.

ಹೊರಡುವಾಗ ಪ್ರೀತಿಯಿಂದ ಕೋಡುಬಳೆ ಪ್ಯಾಕೆಟ್ ಕೈಗಿಟ್ಟರು. "ತಗೋ ಶಾರದಾ, ನಿನ್ನ ಗಂಡನಿಗೆ ಇಷ್ಟ ಅಲ್ವಾ?"

ಶಾರದಾ ಅನ್ನೋವಳು ಊರಲ್ಲಿ ಇದ್ದಾಳೆ, ನಿಜ. ನನಗಿಂತ ಗೇಣುದ್ದ ಎತ್ತರ, ಕನ್ನಡಕ ಬೇರೆ. ನಾನು ಮಂದಾಕಿನಿ. ನನಗೆ ಗಂಡನೇ ಇಲ್ಲ. ರೊನಾಲ್ಡ್‌ಗೆ ಇನ್ನೂ ಹದಿನಾಲ್ಕು ವರ್ಷ ಜೈಲು ಇದೆ.