ತೌಡಿನ ತೊಟ್ಟಿ

"ಇನ್ನೊಂದ್ಸಲ ಇಡಿ ಅಕ್ಕ. ತಕ್ಕಡಿ ಕೆಟ್ಟಿರ್ಬೇಕು."

ಮೇವಿನಕ್ಕ ಇಪ್ಪತ್ತು ಮೀನುಗಳಿದ್ದ ಒದ್ದೆ ಬುಟ್ಟಿಯನ್ನು ಎತ್ತಿ ಮತ್ತೆ ಇಟ್ಟಳು. ಮುಳ್ಳು ಅಲ್ಲೇ ಬಂದು ನಿಂತಿತು. ಮೀನುಸಾಕಣೆ ಕೇಂದ್ರದಲ್ಲಿ ಸಂಶೋಧನೆಗೆ ಕೂತಿದ್ದ ಹುಡುಗಿ ಕಣ್ಣರಳಿಸಿದಳು.

ಒಂದೇ ದಿನ ಮೊಟ್ಟೆಯೊಡೆದ ಮರಿಗಳನ್ನು ಅವಳು ನಾಲ್ಕು ಪಾಲು ಮಾಡಿದ್ದಳು. ಎರಡು ಪಾಲು ಮಣ್ಣಿನ ಕೊಳಗಳಿಗೆ, ಎರಡು ಸಿಮೆಂಟು ತೊಟ್ಟಿಗಳಿಗೆ. ಒಂದು ಕೊಳಕ್ಕೂ ಒಂದು ತೊಟ್ಟಿಗೂ ಕಾರ್ಖಾನೆಯ ಗುಳಿಗೆ ಮೇವು. ಮಿಕ್ಕೆರಡಕ್ಕೆ ಬರೀ ತೌಡು, ಹಿಂಡಿ. ಹಾಕುವ ಕೆಲಸ ಮೇವಿನಕ್ಕನದು. ಹೆಸರು ಬಂದದ್ದೂ ಅದರಿಂದಲೇ. ಕೊಳದವು ಪಾಚಿ, ಹುಳುಹುಪ್ಪಟೆ ಹೆಕ್ಕಿಕೊಂಡು ಹೇಗೋ ಬೆಳೆದವು. ತೌಡಿನ ತೊಟ್ಟಿಯವು ಮಾತ್ರ ಮೊದಲ ತಿಂಗಳು ತಲೆಯೇ ದೊಡ್ಡದಾಗಿ, ಮೈ ಸೊರಗಿ ಹೋಗಿದ್ದವು. ಈಗ ನೋಡಿದರೆ ಗುಳಿಗೆ ತಿಂದವಕ್ಕೇ ಸರಿಸಾಟಿ!

"ಅಂದ್ರೆ ತೌಡು ಹಾಕಿದ್ರೂ ತೊಟ್ಟೀಲಿ ಮೀನು ಬೆಳೆಯುತ್ತೆ! ಸೋಮವಾರ ಸಾಕಣೆಯವರೆಲ್ಲ ಬರ್ತಾರಲ್ಲ, ಇದನ್ನೇ ಹೇಳ್ತೀನಿ. ಅವರಲ್ಲಿ ಒಬ್ಬ ಗಂಡಹೆಂಡ್ತಿ ಸಾಲ ಮಾಡಿ ತೊಟ್ಟಿ ಕಟ್ಟಿಸೋಕೆ ನನ್ನ ಮಾತಿಗೇ ಕಾಯ್ತಾ ಕೂತಿದ್ದಾರೆ."

ಮೇವಿನಕ್ಕ ಬುಟ್ಟಿಯನ್ನು ತಕ್ಕಡಿಯಿಂದ ಇಳಿಸಿದಳು.

ಸಾಕಿ ಬೆಳೆಸಿದ ತಂಗಿಯನ್ನು ಮದುವೆ ಮಾಡಿಕೊಟ್ಟ ಮೇಲೆ ಅವಳ ಕೈಯಿಂದ ಬಡಿಸಿಕೊಳ್ಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಮಧ್ಯಾಹ್ನ ತೌಡಿನ ತೊಟ್ಟಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರೆ ಆ ಬಡಕಲು ಮೀನುಗಳು ಬಾಯಿ ತೆರೆದುಕೊಂಡು ಕಾಲ ಬಳಿ ಬಂದು ನಿಲ್ಲುತ್ತಿದ್ದವು. ಒಂದು ದಿನ ನಲ್ಲಿಯ ಬುಡದ ಹಸಿಮಣ್ಣು ಕೆದಕಿ ನಾಲ್ಕು ಎರೆಹುಳು ಹಾಕಿದಳು. ಮರುದಿನ ಒಂದು ಡಬ್ಬಿ. ತಂಗಿ ಫೋನ್ ಮಾಡದ ದಿನ ಎರಡು ಡಬ್ಬಿ. "ತಿನ್ರೋ, ನಾಚ್ಕೋಬೇಡಿ" ಎಂದು ಉಪಚಾರ ಬೇರೆ.

ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ.

"ತೌಡಲ್ಲಿ ಬೆಳೆದದ್ದಲ್ಲಮ್ಮ ಅವು. ಎರೆಹುಳು ಹಾಕ್ತಿದ್ದೆ, ದಿನಾ."

ಹುಡುಗಿಯ ಪೆನ್ನು ನಿಂತಿತು. "ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು."

"ಹಾಕ್ಬಾರ್ದು ಅಂತ ನಿಮಗೆ ಗೊತ್ತಿತ್ತಲ್ಲ ಅಕ್ಕ!"

"ಗೊತ್ತಿತ್ತು." ಮೇವಿನಕ್ಕ ಸೆರಗಿನಲ್ಲಿ ಒದ್ದೆ ಕೈ ಒರೆಸಿಕೊಂಡಳು. "ಮುಖ ನೋಡ್ತಿದ್ವು."

"ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು," ಎಂದು ಹುಡುಗಿ ಪುಟದ ಮೇಲೆ ಅಡ್ಡ ಗೀಟು ಎಳೆದಳು. "ಮೊದಲಿಂದ ಶುರು ಮಾಡ್ಬೇಕು. ಮೇವಿಗೆ ಬೇರೆಯವ್ರು ಬರ್ತಾರೆ. ನೀವು ನಾಳೆಯಿಂದ ಪಂಪ್‌ಹೌಸಿಗೆ ಹೋಗಿ." ಬಾಗಿಲವರೆಗೆ ಹೋದವಳು ತಿರುಗಿ ನೋಡದೆಯೇ ಅಂದಳು, "ಸೋಮವಾರ ಆದ್ಮೇಲೆ ಹೇಳಿದ್ದಿದ್ರೆ ಆ ಗಂಡಹೆಂಡ್ತಿ ಸಾಲದಲ್ಲಿ ಮುಳುಗಿ ಹೋಗ್ತಿದ್ರು."

ಪಂಪ್‌ಹೌಸಿಗೆ ಕಿಟಕಿಯಿರಲಿಲ್ಲ. ಮೇವಿನಕ್ಕ ಗೋಡೆಗೆ ಮುಖಮಾಡಿ ಕೂತು ಬುತ್ತಿ ಬಿಚ್ಚಿದಳು. ನೀರು ಬಿಡುವ ಹೊತ್ತಾಯಿತೆಂದು ಎದ್ದು ಗುಂಡಿ ಒತ್ತಿದಳು. ಮೋಟಾರು ಗುರುಗುಟ್ಟಿತು. ಗೋಡೆ ತೂರಿ ತೊಟ್ಟಿಗಳ ಕಡೆ ಹೋಗುವ ದಪ್ಪ ಪೈಪಿನ ಮೇಲೆ ಅಂಗೈ ಊರಿದಳು. ಒಳಗೆ ನೀರು ಹೊರಟಿತ್ತು. ಕೈಯ ಕೆಳಗೆ ಪೈಪು ತಣ್ಣಗಾಗುತ್ತ, ಸಣ್ಣಗೆ ನಡುಗುತ್ತಿತ್ತು.