ಗಸಗಸೆ ಹಣ್ಣಿನ ಸಸಿ

ನಮ್ಮ ಗಿಡ ನೆಡುವ ಬಳಗಕ್ಕೆ ಚೂಡಾಮಣಿ ಮೇಡಂ ಹಾಕಿದ ನಿಯಮ ಒಂದೇ: ಜೆ.ಪಿ. ನಗರದ ಅಂಚಿನ ಈ ಕುರುಚಲು ಕಾಡಿನಲ್ಲಿ ನಮ್ಮ ನೆಲದ ಗಿಡಗಳು ಮಾತ್ರ ಇರಬೇಕು. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಲಂಟಾನ ಕಂಡರೆ ಹಳೇ ಸೇಡು ತೀರಿಸಿಕೊಳ್ಳುವವರಂತೆ ಕೀಳುತ್ತಾರೆ. ಭಾನುವಾರ ಬೆಳಿಗ್ಗೆ ನಾವೂ ಬೈಸಿಕೊಂಡು ಕೀಳುತ್ತೇವೆ. ಬೈಗುಳ ಮುಗಿದ ಮೇಲೆ ಅವರ ಫ್ಲಾಸ್ಕಿನ ಕಾಫಿ ಸಿಗುತ್ತದೆ, ಅದಕ್ಕೇ ಯಾರೂ ಬಳಗ ಬಿಟ್ಟು ಹೋಗಿಲ್ಲ.

ಆ ಭಾನುವಾರ ಬೇಲಿಯಾಚೆ ಬೀದಿಯ ಬಸವಲಿಂಗಮ್ಮ ಬಂದರು.

"ಒಂದು ಗಸಗಸೆ ಹಣ್ಣಿನ ಗಿಡ ಹಾಕ್ಬೇಕಿತ್ತು ಮೇಡಂ, ನನ್ನ ಮಗಳ ಹೆಸರಲ್ಲಿ," ಎಂದರು.

ಮಗಳು ಲಿಖಿತಾ ಹೋದ ವರ್ಷ ಡೆಂಗಿ ಬಂದು ತೀರಿಕೊಂಡಿದ್ದಳು. ಮನೆ ಮುಂದಿನ ಗಸಗಸೆ ಮರದ ಹಣ್ಣನ್ನು ತಾರಸಿಯಿಂದಲೇ ಕಿತ್ತು ತಿನ್ನುತ್ತಿದ್ದಳಂತೆ. ಆಮೇಲೆ ಚರಂಡಿ ಕೆಲಸಕ್ಕೆಂದು ಮರವನ್ನೂ ಕಡಿದರು. ಈಗ ಅಲ್ಲಿ ಗಿಡ ಊರಲು ಬೊಗಸೆ ಮಣ್ಣೂ ಇಲ್ಲ, ಬರೀ ಸಿಮೆಂಟು.

"ಅದು ಹೊರದೇಶದ ಗಿಡ ಕಣ್ರೀ, ಇಲ್ಲಿ ಆಗಲ್ಲ. ಕವಳಿ ಹಾಕಿ, ಅದೂ ಹಣ್ಣಿನ ಗಿಡಾನೇ," ಎಂದರು ಮೇಡಂ.

"ಅವಳು ಕವಳಿ ತಿಂದೇ ಇಲ್ಲ ಮೇಡಂ."

ಮೇಡಂ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ನನಗೆ ಸಿಟ್ಟು ಬಂತು. ಒಂದು ಮರದಿಂದ ಯಾವ ಕಾಡು ಮುಳುಗಿಹೋಗುತ್ತದೆ? ಆದರೆ ಇವರಿಗೆ ಹೂಂ ಅಂದರೆ ನಾಳೆ ಇನ್ನೊಬ್ಬರು ಅಪ್ಪನ ಹೆಸರಿನಲ್ಲಿ ಗುಲ್‌ಮೊಹರ್ ಹೊತ್ತು ತರುತ್ತಾರೆ. ಬಗ್ಗಿ ಮುಂದಿನ ಲಂಟಾನ ಹಿಡಿದು ಎಳೆದೆ.

ಬಸವಲಿಂಗಮ್ಮ ಮನೆಗೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಮ್ಮ ಜೊತೆ ಕಳೆ ಕೀಳಲು ಕೂತರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು. ಬೇಲಿಯ ಬುಡದಲ್ಲಿ ಗೇಣುದ್ದದ ಸಸಿ, ಪಕ್ಕದಲ್ಲಿ ಅಂಥವೇ ಇನ್ನಷ್ಟು.

"ಇದು ಗಸಗಸೆ ಅಲ್ವಾ?"

"ಹೌದು. ಹಕ್ಕಿಗಳು ಹಣ್ಣು ತಿಂದು ಇಲ್ಲಿ ಹಿಕ್ಕೆ ಹಾಕ್ತಿದ್ವು. ಆ ಬೀಜ ಇನ್ನೂ ಮೊಳೀತಾನೇ ಇದೆ, ನಾವು ವಾರ ವಾರ ಕೀಳ್ತೀವಿ," ಎಂದೆ.

"ನಮ್ಮ ಮರದ್ದಾ?"

ಸುತ್ತಮುತ್ತ ಬೇರೆ ಗಸಗಸೆ ಮರ ಇರಲೇ ಇಲ್ಲ. ಇಷ್ಟು ದಿನ ಅದರ ಸಸಿಗಳನ್ನೇ ಕಿತ್ತು ಬಂಡೆಯ ಮೇಲೆ ಒಣಗಲು ಎಸೆದಿದ್ದೆವು.

"ಹೂಂ, ನಿಮ್ಮದೇ," ಎಂದರು ಮೇಡಂ. ಮಂಡಿ ನೋವಿದ್ದರೂ ನೆಲಕ್ಕೆ ಕೂತು, ಬೇರು ಅಲುಗದಂತೆ ಮಣ್ಣಿನ ಸಮೇತ ಸಸಿ ಎತ್ತಿ ಆಕೆಯ ಕೈಗಿಟ್ಟರು. "ಇಲ್ಲಿ ಬೇಡ. ನಮ್ಮನೆ ಗೇಟ್ ಪಕ್ಕ ಜಾಗ ಇದೆ, ಅಲ್ಲಿ ಹಾಕಿ. ಯಾವಾಗ ಬೇಕಾದ್ರೂ ಬಂದು ನೋಡ್ಕೊಂಡು ಹೋಗಿ."

ಮೇಡಂ ಮನೆಯೂ ಕಾಡಿಗೆ ಕೂಗಳತೆಯಲ್ಲೇ ಇದೆ. ನಾನು ಸುಮ್ಮನಿರಲಾರದೆ ಕೇಳಿದೆ, "ಹಕ್ಕಿಗಳು ಮತ್ತೆ ಬೀಜ ಇಲ್ಲಿಗೇ ತರ್ತವಲ್ಲ ಮೇಡಂ?"

"ತರಲಿ. ಕೀಳೋಣ."

"ನಾನೂ ಬರ್ತೀನಿ," ಎಂದರು ಬಸವಲಿಂಗಮ್ಮ. ಕೈಯಲ್ಲಿದ್ದ ಸಸಿಯನ್ನು ನೆರಳಿನಲ್ಲಿಟ್ಟು, ಉಳಿದವುಗಳನ್ನು ಒಂದೊಂದಾಗಿ ತಾವೇ ಕೀಳತೊಡಗಿದರು. ನಾವು ಯಾರೂ ಆ ಕಡೆ ಕೈ ಹಾಕಲಿಲ್ಲ.