ಬೇರೊಬ್ಬಳ ಅಳತೆ

"ಉಸಿರು ಬಿಡೇ, ಸತ್ತವರ ಹಾಗೆ ಮಲಗಬೇಡ," ಎಂದು ಒಬ್ಬ ಹುಡುಗಿ ಹೇಳಿ ನಕ್ಕಳು. ಉಳಿದವರು ಯಾರೂ ನಗಲಿಲ್ಲ. ಹೇಳಿದವಳೂ ನಾಲಿಗೆ ಕಚ್ಚಿಕೊಂಡು ಅಜ್ಜಿಯ ಕಡೆ ನೋಡಿದಳು.

ಅಜ್ಜಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ನೆಲಕ್ಕೆ ಹಾಸಿದ ಕಂದು ಕಾಗದದ ಮೇಲೆ ಹೊಸ ಹುಡುಗಿ ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಂಡು, ಕಣ್ಣು ಮುಚ್ಚಿ, ಕಟ್ಟಿಗೆಯಂತೆ ಮಲಗಿದ್ದಳು. ಅಜ್ಜಿ ಮೊಣಕಾಲೂರಿ ಅವಳ ಸುತ್ತ ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಗೆರೆ ಎಳೆಯುತ್ತಿದ್ದಳು. ಬಾಯಲ್ಲಿ ಎಂದಿನಂತೆ ದೇವರ ನಾಮ. ಕೈ ತನ್ನಷ್ಟಕ್ಕೆ ಓಡುತ್ತಿತ್ತು.

ವಾಚನಾಲಯದ ಮೇಲಿನ ಈ ಹಜಾರದಲ್ಲಿ ಶನಿವಾರ ಮಧ್ಯಾಹ್ನ ಹುಡುಗಿಯರ ಕೂಟ ಸೇರುತ್ತಿತ್ತು. ತಲೆ ಎತ್ತಿ ಮಾತಾಡುವುದು, ಎದುರಿಗಿದ್ದವರ ಕಣ್ಣು ನೋಡುವುದು, ತನ್ನ ಬಗ್ಗೆ ತಾನೇ ಒಂದು ಒಳ್ಳೆಯ ಮಾತು ಹೇಳಿಕೊಳ್ಳುವುದು, ಇಂಥವನ್ನು ಮೇಡಂ ಕಲಿಸುತ್ತಿದ್ದರು. ಪ್ರತಿಯೊಬ್ಬಳ ಆಕಾರವನ್ನೂ ಕಾಗದದ ಮೇಲೆ ಬರೆದು, ಅದರೊಳಗೆ ತನ್ನಲ್ಲಿ ತನಗೆ ಇಷ್ಟವಾದದ್ದನ್ನು ಅವಳೇ ತುಂಬಿ, ಗೋಡೆಗೆ ಹಚ್ಚಬೇಕು. ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಜ್ಜಿಯನ್ನು ಗೆರೆ ಎಳೆಯಲು ಪ್ರತಿ ವರ್ಷವೂ ಕರೆಯುತ್ತಿದ್ದರು.

"ಆಯ್ತು, ಏಳಮ್ಮ," ಎಂದಳು ಅಜ್ಜಿ.

ಹುಡುಗಿ ಎದ್ದಳು. ಎಲ್ಲರೂ ಬಗ್ಗಿ ನೋಡಿದರು. ಕಾಗದದ ಮೇಲೆ ಗೆರೆಯಲ್ಲಿ ಮೂಡಿದ್ದ ಹುಡುಗಿ ಕಾಲು ಅಗಲಿಸಿ, ಒಂದು ಕೈ ಸೊಂಟದ ಮೇಲಿಟ್ಟು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತಿದ್ದಳು.

"ಅಜ್ಜೀ," ಎಂದು ಹಿಂದಿನಿಂದ ಒಂದು ದನಿ ಬಂತು. "ಇದು ನಮ್ಮ ಬಾಯಿಬಡುಕಿ ಅಲ್ವಾ?"

ಬಾಯಿಬಡುಕಿ ಎಂದರೆ ಅಜ್ಜಿಯ ಮೊಮ್ಮಗಳು. ತಾಯಿಯಿಲ್ಲದ ಮಗು, ಅಜ್ಜಿಯೇ ಸಾಕಿದ್ದಳು. ಹೋದ ವರ್ಷ ಇದೇ ನೆಲದ ಮೇಲೆ ಹೀಗೇ ಸೊಂಟದ ಮೇಲೆ ಕೈಯಿಟ್ಟು ಮಲಗಿ, "ಸರಿಯಾಗಿ ಬರಿ ಅಜ್ಜೂ, ದಪ್ಪ ಮಾಡಿದ್ರೆ ನೋಡು," ಎಂದು ಹೆದರಿಸಿದ್ದಳು. ಆಮೇಲೆ ಜ್ವರ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಗೋಡೆಯ ಮೇಲಿದ್ದ ಅವಳ ಚಿತ್ರವನ್ನು ಅಜ್ಜಿ ಸುತ್ತಿ, ಚಟ್ಟದ ಮೇಲಿಟ್ಟು ಅವಳ ಜೊತೆಗೇ ಕಳಿಸಿದ್ದಳು.

ಅಜ್ಜಿ ತನ್ನ ಕೈಯನ್ನೇ ನೋಡಿಕೊಂಡಳು. ಬೆರಳಿನ ತುಂಬ ಚಾಕ್‌ನ ಪುಡಿ. "ಇನ್ನೊಂದು ಕಾಗದ ಕೊಡಿ ಮೇಡಂ. ತಪ್ಪಿಹೋಯ್ತು."

"ಕಾಗದ ಮುಗೀತಲ್ಲ ಅಜ್ಜಿ. ಇರಲಿ ಬಿಡಿ," ಎಂದರು ಮೇಡಂ. ಅವರು ಈ ವರ್ಷ ಹೊಸದಾಗಿ ಬಂದವರು. "ಎಷ್ಟು ಧೈರ್ಯವಾಗಿ ನಿಂತಿದಾಳೆ ನೋಡಿ! ನೀನೂ ಹೀಗೇ ನಿಲ್ಲೋದು ಕಲಿಯಮ್ಮ."

ಹೊಸ ಹುಡುಗಿ ಕಾಗದವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ, ಬಿಸಿ ಪಾತ್ರೆ ಮುಟ್ಟುವವಳಂತೆ, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡಳು.

ಅವಳ ತಾಯಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸದವಳು. ಕೂಟ ಮುಗಿದ ಮೇಲೆ ಅವಳು ಬರುವ ತನಕ ಹುಡುಗಿ ಅಂಗಡಿಯಲ್ಲಿ ಕೂರುವುದು ರೂಢಿಯಾಯಿತು. ಮೊದಮೊದಲು ಕೇಳಿದ್ದಕ್ಕೆ ಪಿಸುದನಿಯಲ್ಲಿ ಉತ್ತರ ಬರುತ್ತಿತ್ತು. ಕೂಟದ ಹುಡುಗಿಯರು ಅವಳಿಗೆ ಪಿಸಪಿಸ ಎಂದೇ ಹೆಸರಿಟ್ಟಿದ್ದರು. ಬರಬರುತ್ತಾ ದನಿ ಏರಿತು. ಒಂದು ದಿನ ಅವಳು ಮೆಟ್ಟಿಲಿಳಿಯುವಾಗ ಕೊನೆಯದನ್ನು ಬಿಟ್ಟು ಧೊಪ್ಪೆಂದು ಹಾರಿದಳು. ಹೊಲಿಗೆ ಯಂತ್ರದ ಮುಂದಿದ್ದ ಅಜ್ಜಿಯ ಕಾಲು ತಾನಾಗಿ ನಿಂತಿತು. ಹಾಗೆ ಹಾರುತ್ತಿದ್ದವಳು ಒಬ್ಬಳೇ.

"ಗುಂಡಿ ಡಬ್ಬ ಎಲ್ಲಿ?" ಎಂದಳು ಹುಡುಗಿ ಒಳಗೆ ಬಂದು. "ಕಿಟಕಿ ಹತ್ರ ಇರ್ತಿತ್ತಲ್ಲ."

ಮೊಮ್ಮಗಳು ಸತ್ತ ಮಾರನೆಯ ದಿನವೇ ಅಜ್ಜಿ ಅದನ್ನು ಕಿಟಕಿಯಿಂದ ತೆಗೆದು ಬೀರುವಿನೊಳಗೆ ಇಟ್ಟಿದ್ದಳು. ಆಗ ಈ ಹುಡುಗಿ ಈ ಬೀದಿಗೇ ಬಂದಿರಲಿಲ್ಲ.

"ನಿಂಗ್ಯಾರೇ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅಲ್ಲೇ ಇರ್ಬೇಕು ಅನ್ನಿಸ್ತು."

ಕೂಟದ ಯಾವಳೋ ಹೇಳಿರಬಹುದು. ಅಜ್ಜಿ ಹಾಗೆಂದುಕೊಂಡಳು, ಆದರೆ ಅದು ಮನಸ್ಸಿನಲ್ಲಿ ನಿಲ್ಲಲಿಲ್ಲ. ಒಂದೇ ಒಂದು ಸಲ ನನ್ನ ಮೊಮ್ಮಗಳನ್ನು ತೋರಿಸು ತಂದೆ, ಇನ್ನೇನೂ ಕೇಳುವುದಿಲ್ಲ ಎಂದು ಅವಳು ದೇವರ ಮುಂದೆ ಹಣೆ ಇಟ್ಟು ಬೇಡಿದ್ದುಂಟು. ದೇವರು ಕೊಟ್ಟದ್ದನ್ನು ಹಿಂದೆ ಮುಂದೆ ತಿರುಗಿಸಿ ನೋಡಬಾರದು ಎಂದು ಅಜ್ಜಿಯ ತಾಯಿ ಹೇಳುತ್ತಿದ್ದಳು. ಅಜ್ಜಿ ತಿರುಗಿಸಿ ನೋಡಲಿಲ್ಲ. ಆ ಸಂಜೆ ಬೀರುವಿನ ತಳದಿಂದ ಒಂದು ಗಂಟು ತೆಗೆದಳು. ಜ್ವರ ಬರುವ ಮೊದಲು ಮೊಮ್ಮಗಳಿಗೆಂದು ಕತ್ತರಿಸಿಟ್ಟಿದ್ದ ನೀಲಿ ಫ್ರಾಕಿನ ತುಂಡುಗಳು ಅದರಲ್ಲಿದ್ದವು. ಗಂಜಿ ಇನ್ನೂ ಹೋಗದ ದಪ್ಪ ಬಟ್ಟೆ. ಹುಡುಗಿಯ ಅಳತೆ ತೆಗೆದುಕೊಳ್ಳದೆಯೇ ಹೊಲಿಯಲು ಕೂತಳು.

"ಏನು ಬದಲಾಗಿದಾಳೆ ಅಂತೀರಿ!" ಎಂದು ಮೇಡಂ ಬಾಗಿಲಲ್ಲಿ ನಿಂತು ಹೇಳಿದರು. "ಇವತ್ತು ಎಲ್ಲರ ಮುಂದೆ ನಿಂತು ಗಂಟಲು ಬಿಟ್ಟು ಮಾತಾಡಿದ್ಳು. ನಾನೇ ಸುಮ್ಮನಿರಮ್ಮ ಅನ್ಬೇಕಾಯ್ತು."

"ಚಿತ್ರದೊಳಗೆ ಏನು ಬರೆದಿದಾಳೆ?" ಎಂದು ಅಜ್ಜಿ ಕೇಳಿದಳು.

"ಅದೊಂದು ಬಾಕಿ. ಖಾಲಿ ಇದೆ. ನಂದಲ್ಲ ಅದು, ಅದರಲ್ಲಿ ಏನು ಬರೀಲಿ ಅಂತಾಳೆ, ತುಂಟಿ," ಎಂದು ಮೇಡಂ ನಗುತ್ತಾ ಹೋದರು.

ಫ್ರಾಕು ತೊಡಿಸಿ ನೋಡಿದ್ದು ಮುಂದಿನ ಶನಿವಾರ. ಮೇಲೆ ಕೂಟ ಮುಗಿದಿತ್ತು. ಹುಡುಗಿ ತನ್ನ ಬಟ್ಟೆಯ ಮೇಲೇ ಫ್ರಾಕು ತೊಟ್ಟು, ಬಾಗಿಲಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ನಿಂತಳು. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ಬಂದ ಹೊಸದರಲ್ಲಿ ಈ ಹುಡುಗಿಗೆ ಹಕ್ಕಿಯಂಥ ಭುಜ ಇತ್ತಲ್ಲ ಎಂದು ಅಜ್ಜಿಯ ಕೈ ಒಂದು ಕ್ಷಣ ಅನುಮಾನಿಸಿತು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು, ನೆಲಕ್ಕೆ ಕೂತು ಅಂಚು ಮಡಿಸತೊಡಗಿದಳು.

"ಚುಚ್ಬೇಡ ಅಜ್ಜೂ," ಎಂದಿತು ಮೇಲಿನಿಂದ ಒಂದು ದನಿ.

ಅಜ್ಜಿ ತಲೆ ಎತ್ತಲಿಲ್ಲ. ಎತ್ತಿದರೆ ಯಾವ ಮುಖ ಕಂಡರೂ ಕಷ್ಟ.

ಆಗಲೇ ಹುಡುಗಿಯ ತಾಯಿ ಬಂದಳು. ಕೈಗಳಿಂದ ಬ್ಲೀಚಿನ ವಾಸನೆ ಬರುತ್ತಿತ್ತು. ಬಾಗಿಲಲ್ಲಿ ನಿಂತು ಸ್ಟೂಲಿನ ಮೇಲಿದ್ದ ಬೆನ್ನನ್ನು, ಸೊಂಟದ ಮೇಲಿದ್ದ ಕೈಯನ್ನು, ವಾಲಿದ ತಲೆಯನ್ನು ನೋಡಿದಳು.

"ಅಜ್ಜಿ, ನನ್ನ ಮಗಳು ಇನ್ನೂ ಮೇಲಿದಾಳಾ?"

ಹುಡುಗಿ ತಿರುಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಅಜ್ಜಿಗೆ ಸನ್ನೆ ಮಾಡಿದಳು. ನಗು ತಡೆಯಲಾಗದೆ ಅವಳ ಹೊಟ್ಟೆ ಕುಲುಕುತ್ತಿತ್ತು. ಅಜ್ಜಿಯ ಬಾಯಲ್ಲಿ ಸೂಜಿಗಳಿದ್ದವು. ಇರದಿದ್ದರೂ ಅವಳು ಏನಾದರೂ ಹೇಳುತ್ತಿದ್ದಳೋ ಇಲ್ಲವೋ.

ತಾಯಿ ಮೆಟ್ಟಿಲು ಹತ್ತಿದಳು. ಮೇಲಿನ ಹಲಗೆಗಳು ಕಿರುಗುಟ್ಟಿದವು. "ಮರೀ," ಎಂದು ಕರೆದಳು. ಮತ್ತೆ, "ಮರೀ, ಎಲ್ಲಿದೀಯೇ?" ಹೆಜ್ಜೆಗಳು ಹಜಾರದ ಆ ತುದಿಗೆ ಹೋದವು, ಈ ತುದಿಗೆ ಬಂದವು. ಖಾಲಿ ಹಜಾರದಲ್ಲಿ ಕೂಗು ಗೋಡೆಗೆ ಬಡಿದು ಹಿಂದಿರುಗುತ್ತಿತ್ತು. ಮೂರನೆಯ ಸಲ ಅದರಲ್ಲಿ ಬೇರೆಯೇ ಒಂದು ಸ್ವರವಿತ್ತು. ಆ ಸ್ವರ ಅಜ್ಜಿಗೆ ಗೊತ್ತು. ಅವಳ ಗಂಟಲಿನಿಂದಲೇ ಅದು ಒಮ್ಮೆ ಹೊರಟಿತ್ತು.

ಸ್ಟೂಲಿನ ಮೇಲೆ ನಗು ನಿಂತುಹೋಯಿತು.

"ಬಿಡಿ," ಎಂದಳು ಹುಡುಗಿ. ಪಿಸುದನಿ.

ಅಜ್ಜಿಯ ಮುಷ್ಟಿಯಲ್ಲಿ ಫ್ರಾಕಿನ ಅಂಚಿತ್ತು. ಇನ್ನೊಂದು ಕ್ಷಣ, ಒಂದೇ ಕ್ಷಣ ಎಂಬಂತೆ ಆ ಮುಷ್ಟಿ ಬಿಗಿಯಿತು.

"ಅಜ್ಜಿ, ಬಿಡಿ ಅಂದೆ. ನನ್ನಮ್ಮ ಕರೀತಿದಾಳೆ."

ದನಿ ಏರಲಿಲ್ಲ. ನೀರು ತುಂಬಿದ ಲೋಟವನ್ನು ಚೆಲ್ಲದೆ ಮೇಜಿನ ಮೇಲಿಡುವ ಹಾಗೆ ಅವಳು ಅದನ್ನು ಹೇಳಿದಳು. ಅಜ್ಜಿ ತಲೆ ಎತ್ತಿದಳು. ಹುಡುಗಿಯ ಕಣ್ಣು ನೇರವಾಗಿ ಅವಳ ಕಣ್ಣಲ್ಲಿತ್ತು. ಹೆದರಿದ ಕಣ್ಣು, ಆದರೂ ಅತ್ತಿತ್ತ ಸರಿಯಲಿಲ್ಲ. ಅಜ್ಜಿ ಆ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅಗಲವಾದ ಹಣೆ, ಒಂದಕ್ಕೊಂದು ಸೇರಿದ ಹುಬ್ಬು. ಯಾರನ್ನೂ ಹೋಲುತ್ತಿರಲಿಲ್ಲ.

ಮುಷ್ಟಿ ಬಿಚ್ಚಿತು.

ಹುಡುಗಿ ಬೆನ್ನಿನ ಗುಂಡಿಗಳನ್ನು ತಾನೇ ಕಳಚಿದಳು. ಫ್ರಾಕನ್ನು ಕಾಲ ಬಳಿಗೆ ಇಳಿಸಿ, ಅದರ ನಡುವಿನಿಂದ ಒಂದೊಂದೇ ಕಾಲನ್ನು ತೆಗೆದು, ಸ್ಟೂಲಿನಿಂದಿಳಿದು ಮೆಟ್ಟಿಲ ಕಡೆಗೆ ಓಡಿದಳು. "ಇಲ್ಲಿದೀನಮ್ಮಾ, ಇಲ್ಲೇ ಇದೀನಿ." ಮೇಲೆ ಎರಡು ಜೊತೆ ಹೆಜ್ಜೆಗಳು ಒಂದೆಡೆ ಸೇರಿ ನಿಂತವು.

ಅಜ್ಜಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. ಸ್ಟೂಲಿನ ಮೇಲೆ ನೀಲಿ ಫ್ರಾಕು ಗಂಜಿಯ ಬಲದಿಂದ ಇನ್ನೂ ನಿಂತೇ ಇತ್ತು, ಒಳಗೆ ಯಾರೋ ಮಂಡಿಯೂರಿ ಕೂತ ಹಾಗೆ. ಅಜ್ಜಿ ಅದನ್ನು ಮುಟ್ಟಲಿಲ್ಲ. ನೋಡುತ್ತಿದ್ದಂತೆ ಮೊದಲು ಒಂದು ತೋಳು ಒಳಕ್ಕೆ ಬಾಗಿತು, ಆಮೇಲೆ ಕುತ್ತಿಗೆ, ಕೊನೆಗೆ ಇಡೀ ಬಟ್ಟೆ ನಿಧಾನವಾಗಿ, ಸದ್ದಿಲ್ಲದೆ, ತನ್ನೊಳಗೆ ತಾನೇ ಕುಸಿದು ಕೂತಿತು.